ಅತ್ತಿಗುಪ್ಪೆಯ ಲೆಕ್ಕದ ಪುಸ್ತಕ

ಬೆಂಗಳೂರನ್ನು ಕುರಿತು ಬರೆಯುವವರು ಲಾಲ್‌ಬಾಗಿನ ಗಾಜಿನ ಮನೆಯನ್ನು ವರ್ಣಿಸುತ್ತಾರೆ. ಕಬ್ಬನ್ ಪಾರ್ಕಿನ ನೆರಳನ್ನು ಕೊಂಡಾಡುತ್ತಾರೆ. ಬಸವನಗುಡಿಯ ಕಡಲೆಕಾಯಿ ಪರಿಷೆಯನ್ನು ನೆನೆಯುತ್ತಾರೆ. ಅತ್ತಿಗುಪ್ಪೆಯನ್ನು ನೋಡಿ ಬರಬೇಕೆಂದು ಮನೆಯಿಂದ ಹೊರಟ ಯಾತ್ರಿಕನನ್ನು ನಾನಂತೂ ಕಂಡಿಲ್ಲ. ನಾನೂ ಅದನ್ನು ನೋಡಲೆಂದು ಹೋದವನಲ್ಲ. ನನ್ನ ತಂಗಿಯ ಸಂಸಾರವು ಅಲ್ಲಿ ಒಂದು ಬಾಡಿಗೆಯ ಮನೆಯ ಎರಡನೆಯ ಅಂತಸ್ತಿನಲ್ಲಿ ಹನ್ನೊಂದು ವರ್ಷಗಳಿಂದ ವಾಸವಾಗಿದೆ. ಕಣ್ಣಿನ ಚಿಕಿತ್ಸೆಯ ನಿಮಿತ್ತವಾಗಿ ೨೦೨೫ರ ಕಾರ್ತಿಕ ಮಾಸದಲ್ಲಿ ಮೂರು ವಾರಗಳ ಕಾಲ ಅವರಲ್ಲಿ ಉಳಿದುಕೊಂಡಿದ್ದೆನು. ವೈದ್ಯರು ಓದುವುದನ್ನು ನಿಷೇಧಿಸಿದ್ದರು, ತಿರುಗಾಡುವುದನ್ನು ನಿಷೇಧಿಸಿರಲಿಲ್ಲ. ಆದಕಾರಣ ಊರನ್ನು ನೋಡುವ ಅವಕಾಶವು ತಾನಾಗಿ ಒದಗಿತು.

ಹೆಸರಿನಿಂದಲೇ ಪ್ರಾರಂಭಿಸೋಣ. ಅತ್ತಿಯೆಂದರೆ ನಮ್ಮ ಹಳ್ಳಿಗಳ ಹೊಳೆದಂಡೆಗಳಲ್ಲಿ ಕಾಂಡಕ್ಕೇ ಕಾಯಿ ಬಿಟ್ಟು ನಿಲ್ಲುವ ಔದುಂಬರ ವೃಕ್ಷ. ಮಂಡ್ಯದ ಸೀಮೆಯ ಕೃಷ್ಣರಾಜಪೇಟೆಗೂ ಹಿಂದೆ ಅತ್ತಿಕುಪ್ಪೆಯೆಂಬ ಹೆಸರೇ ಇದ್ದಿತು. ಬೆಂಗಳೂರಿನ ಅತ್ತಿಗುಪ್ಪೆಯೂ ಒಂದು ಕಾಲದಲ್ಲಿ ಅಂಥದೇ ಹಳ್ಳಿಯಾಗಿದ್ದು, ವಿಜಯನಗರದ ಬಡಾವಣೆಯು ಬೆಳೆದು ಬಂದಂತೆ ಪಟ್ಟಣದ ಹೊಟ್ಟೆಯೊಳಗೆ ಸೇರಿಹೋಯಿತು. ನಾನು ಮೂರು ದಿನ ಅತ್ತಿಯ ಮರವನ್ನು ಹುಡುಕಿದೆನು. ನನ್ನ ಒಂದೂವರೆ ಕಣ್ಣಿಗೆ ಯಾವುದೂ ಬೀಳಲಿಲ್ಲ. ಊರಿನ ಮಗ್ಗುಲಲ್ಲಿ ಹಾದುಹೋಗುವ ಹೆದ್ದಾರಿಗೆ ಕಾರ್ಡ್ ರೋಡೆಂದು ಹೆಸರು. ರೇಖಾಗಣಿತವನ್ನು ಓದಿದ ವಾಚಕರಿಗೆ ಇದರ ಅರ್ಥ ಹೊಳೆಯಬಹುದು. ವೃತ್ತದ ಪರಿಧಿಯ ಮೇಲಿನ ಎರಡು ಬಿಂದುಗಳನ್ನು ನೇರವಾಗಿ ಕೂಡಿಸುವ ಗೆರೆಗೆ ಜ್ಯಾ ಎನ್ನುತ್ತಾರಷ್ಟೆ. ಪೇಟೆಯ ನಡುಮಧ್ಯವನ್ನು ಹೊಗದೆ, ತುಮಕೂರಿನ ದಾರಿಯನ್ನೂ ಮೈಸೂರಿನ ದಾರಿಯನ್ನೂ ಕೂಡಿಸುವ ಜ್ಯಾ ಇದು.

ಈ ರಸ್ತೆಯ ನೆತ್ತಿಯ ಮೇಲೆಯೇ ಮೆಟ್ರೋ ರೈಲು ಓಡುತ್ತದೆ. ಮಾಗಡಿ ರಸ್ತೆಯಿಂದ ಹೊಸಹಳ್ಳಿ, ವಿಜಯನಗರ, ಅತ್ತಿಗುಪ್ಪೆ, ದೀಪಾಂಜಲಿನಗರಗಳನ್ನು ದಾಟಿ ಮೈಸೂರು ರಸ್ತೆಯವರೆಗಿನ ಭಾಗವು ೨೦೧೫ರ ನವೆಂಬರ್ ೧೬ರಂದು ಪ್ರಾರಂಭವಾಯಿತು. ೨೦೨೧ರಲ್ಲಿ ಅದು ಕೆಂಗೇರಿಯನ್ನು ಮುಟ್ಟಿತು. ೨೦೨೩ರ ಅಕ್ಟೋಬರಿನಲ್ಲಿ ಒಂದು ಕಡೆ ಚಲ್ಲಘಟ್ಟವನ್ನೂ ಇನ್ನೊಂದು ಕಡೆ ವೈಟ್‌ಫೀಲ್ಡನ್ನೂ ಕೂಡಿಸಿತು. ನಿಲ್ದಾಣದ ಕಟ್ಟೆಯ ಮೇಲೆ ನಿಂತು ನೋಡಿದರೆ ಕಾಣುವುದು ಬರಿಯ ಮಾಳಿಗೆಗಳು. ಪ್ರತಿಯೊಂದರ ಮೇಲೂ ಒಂದು ಕರಿಯ ನೀರಿನ ತೊಟ್ಟಿ, ಬಟ್ಟೆ ಒಣಹಾಕಿದ ಹಗ್ಗ, ಅನೇಕ ಮಾಳಿಗೆಗಳ ಮೇಲೆ ಸೂರ್ಯನ ಕಡೆಗೆ ಓರೆಯಾಗಿ ಮಲಗಿಸಿದ ಗಾಜಿನ ಕೊಳವೆಗಳ ಒಲೆ. ಸ್ನಾನದ ನೀರನ್ನು ಬಿಸಿಲಿನಿಂದಲೇ ಕಾಯಿಸುವ ಈ ಯಂತ್ರಗಳಿಗೆ ಬೆಂಗಳೂರು ಬಹು ಹಿಂದಿನಿಂದ ಹೆಸರಾಗಿದೆ. ಗೊತ್ತಾದ ಅಳತೆಯನ್ನು ಮೀರಿದ ಹೊಸ ಮನೆಗಳಿಗೆ ೨೦೦೭ರಲ್ಲಿ ಸರಕಾರವು ಇವನ್ನು ಕಡ್ಡಾಯ ಮಾಡಿತು. ಹಾಕಿಸಿಕೊಂಡವರಿಗೆ ವಿದ್ಯುತ್ತಿನ ಬಿಲ್ಲಿನಲ್ಲಿ ಯೂನಿಟ್ಟಿಗೆ ೫೦ ಪೈಸೆಯಂತೆ, ತಿಂಗಳಿಗೆ ೫೦ ರೂಪಾಯಿ ಮೀರದಂತೆ, ರಿಯಾಯಿತಿಯನ್ನೂ ಕೊಡಲಾಯಿತು. ನೋಡಿದೊಡನೆ ನನಗೆ ಸಂತೋಷವಾಯಿತು. ತಂಗಿಯ ಮನೆಯ ಮಾಳಿಗೆಯ ಮೇಲೂ ಅಂಥದೊಂದು ಯಂತ್ರವಿರುವುದನ್ನು ಕಂಡು, “ನಿನಗೇನಮ್ಮ, ಸೂರ್ಯನಾರಾಯಣನೇ ನೀರು ಕಾಯಿಸಿ ಕೊಡುತ್ತಾನೆ” ಎಂದೆನು. ಅವಳು ನಕ್ಕು, “ಸೂರ್ಯನಾರಾಯಣನು ನಮ್ಮ ತಲೆಯ ಮೇಲೆಯೇ ಇದ್ದಾನೆ, ನಿಜ; ಆದರೆ ಅವನ ನಲ್ಲಿ ಕೆಳಗಿನ ಎರಡು ಮನೆಗಳಿಗೆ ಮಾತ್ರ. ನಾವು ಬಕೆಟ್ಟಿಗೆ ವಿದ್ಯುತ್ತಿನ ಸಲಾಕಿಯನ್ನು ಇಳಿಬಿಡುತ್ತೇವೆ” ಎಂದಳು. ಮೂರು ವಾರಗಳಲ್ಲಿ ನಾನು ಕಲಿತ ಪಾಠದ ಮೊದಲ ಅಕ್ಷರ ಇದು.

ತಂಗಿಯ ಯಜಮಾನರು ಚಿಕ್ಕಪೇಟೆಯ ಒಂದು ಬಟ್ಟೆಯ ಅಂಗಡಿಯಲ್ಲಿ ಲೆಕ್ಕ ಬರೆಯುವವರು. ವೃತ್ತಿಯ ಗುಣವು ಮನೆಯಲ್ಲಿಯೂ ಬಿಟ್ಟಿಲ್ಲ. ರಟ್ಟಿನ ಹೊದಿಕೆಯ ಪುಸ್ತಕವೊಂದರಲ್ಲಿ ಪ್ರತಿ ರಾತ್ರಿ ಊಟವಾದ ಮೇಲೆ ಅಂದಿನ ಖರ್ಚನ್ನು ಬರೆದಿಡುತ್ತಾರೆ. ನನಗೆ ಓದಲು ಅಪ್ಪಣೆಯಿಲ್ಲದ್ದರಿಂದ ಕಾಲೇಜಿನಲ್ಲಿ ಕಲಿಯುತ್ತಿರುವ ಸೊಸೆಯು ಬೇಸರ ಕಳೆಯಲೆಂದು ವೃತ್ತಪತ್ರಿಕೆಯನ್ನು ಓದಿ ಹೇಳುತ್ತಿದ್ದಳು. ಅದು ಮುಗಿದ ಮೇಲೆ ಒಂದು ದಿನ ವಿನೋದಕ್ಕಾಗಿ ತಂದೆಯ ಹಳೆಯ ಪುಸ್ತಕಗಳನ್ನೇ ತಂದು ಓದಿದಳು. ಕಥೆಗಿಂತ ಸ್ವಾರಸ್ಯವಾಗಿದ್ದಿತು. ಪೆಟ್ರೋಲಿನ ಸಾಲೊಂದನ್ನೇ ತೆಗೆದುಕೊಳ್ಳಿರಿ. ೨೦೨೧ರ ಜೂನ್ ತಿಂಗಳಿನಲ್ಲಿ ಬೆಂಗಳೂರಿನಲ್ಲಿ ಲೀಟರಿನ ಬೆಲೆ ನೂರು ರೂಪಾಯಿಯನ್ನು ದಾಟಿತು. ಆ ದಿನ ಅವರು ಅಂಕಿಯ ಕೆಳಗೆ ಕೆಂಪು ಗೆರೆ ಎಳೆದಿದ್ದರು. ೨೦೨೨ರ ಏಪ್ರಿಲಿನಲ್ಲಿ ೧೧೧ ರೂಪಾಯಿ. ಮೇ ತಿಂಗಳಿನಲ್ಲಿ ಕೇಂದ್ರ ಸರಕಾರವು ಸುಂಕದಲ್ಲಿ ೮ ರೂಪಾಯಿ ಇಳಿಸಿದಾಗ ಸುಮಾರು ೧೦೨. ೨೦೨೪ರ ಮಾರ್ಚಿಯಲ್ಲಿ ಇನ್ನೆರಡು ರೂಪಾಯಿ ಇಳಿದು ನೂರರ ಒಳಗೆ ಬಂದಿತು. ಅದೇ ಜೂನಿನಲ್ಲಿ ರಾಜ್ಯ ಸರಕಾರವು ಮಾರಾಟ ತೆರಿಗೆಯನ್ನು ಏರಿಸಲಾಗಿ ಮತ್ತೆ ೧೦೩ರ ಹತ್ತಿರಕ್ಕೆ ಹೋಯಿತು. ನಾನು ಅಲ್ಲಿದ್ದಾಗಲೂ ಬೆಲೆ ಅಷ್ಟೇ ಇದ್ದಿತು.

ಅಡಿಗೆಯ ಅನಿಲದ ಸಾಲೂ ಹೀಗೆಯೇ. ಹದಿನಾಲ್ಕು ಚಿಲ್ಲರೆ ಕಿಲೋ ತೂಗುವ ಒಂದು ಸಿಲಿಂಡರಿಗೆ ೨೦೨೩ರ ಮಾರ್ಚಿಯಲ್ಲಿ ೧,೧೦೫ ರೂಪಾಯಿ. ಆಗಸ್ಟಿನ ಕೊನೆಯಲ್ಲಿ ೨೦೦ ರೂಪಾಯಿಯೂ, ಮರುವರ್ಷ ಮಾರ್ಚಿಯಲ್ಲಿ ೧೦೦ ರೂಪಾಯಿಯೂ ಇಳಿದುವು. ೨೦೨೫ರ ಏಪ್ರಿಲಿನಲ್ಲಿ ೫೦ ರೂಪಾಯಿ ಏರಿ ೮೫೫ ಆಯಿತು. ಏರಿದಾಗ ಕೆಂಪು ಗೆರೆ, ಇಳಿದಾಗ ಗೆರೆಯಿಲ್ಲ. “ಇಳಿದುದಕ್ಕೆ ಹಸುರು ಗೆರೆಯನ್ನೇಕೆ ಎಳೆಯಲಿಲ್ಲ?” ಎಂದು ಕೇಳಿದೆನು. “ಇಳಿದ ದುಡ್ಡು ಕೈಯಲ್ಲಿ ಉಳಿಯುವ ಮೊದಲೇ ಬೇರೆ ಸಾಲಿಗೆ ಹೋಗಿರುತ್ತದೆ” ಎಂದು ಅವರು ಉತ್ತರ ಕೊಟ್ಟರು. ನಿಜ, ಆ ಜನವರಿಯಲ್ಲಿ ಬಸ್ಸಿನ ದರವು ನೂರಕ್ಕೆ ಹದಿನೈದರಂತೆ ಏರಿದ್ದಿತು, ಫೆಬ್ರವರಿ ೯ರಿಂದ ಮೆಟ್ರೋ ರೈಲಿನ ಅತ್ಯಧಿಕ ದರವು ೬೦ ರೂಪಾಯಿಯಿಂದ ೯೦ಕ್ಕೆ ಹೋಗಿದ್ದಿತು.

ಉರುವಲಿನ ಚಿಂತೆಯು ನಮ್ಮ ಕಾಲಕ್ಕೇ ಬಂದುದೆಂದು ಭಾವಿಸಬೇಕಾದುದಿಲ್ಲ. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಪೆಟ್ರೋಲು ಪಡಿತರಕ್ಕೆ ಒಳಗಾಗಿ, ಬಸ್ಸುಗಳ ಹಿಂದೆ ಒಂದು ದೊಡ್ಡ ಉಕ್ಕಿನ ಹಂಡೆಯನ್ನು ಕಟ್ಟಿ, ಅದರಲ್ಲಿ ಇದ್ದಿಲನ್ನು ಉರಿಸಿ, ಹುಟ್ಟಿದ ಅನಿಲದಿಂದ ಮೋಟಾರನ್ನು ಓಡಿಸುತ್ತಿದ್ದರು. ದಿಬ್ಬ ಬಂದಾಗ ಪ್ರಯಾಣಿಕರು ಇಳಿದು ತಳ್ಳುತ್ತಿದ್ದರೆಂದೂ, ಊರು ಮುಟ್ಟುವಷ್ಟರಲ್ಲಿ ಎಲ್ಲರ ಮುಖವೂ ಒಂದೇ ಬಣ್ಣವಾಗುತ್ತಿತ್ತೆಂದೂ ನಮ್ಮ ತಂದೆಯವರು ಹೇಳುತ್ತಿದ್ದರು. ಬೆಂಗಳೂರಿನ ಪ್ರತಿ ಬಡಾವಣೆಯಲ್ಲಿಯೂ ಸೌದೆಯ ಡಿಪೋ ಇದ್ದುದು ನನ್ನ ಬಾಲ್ಯದ ನೆನಪು. ಮರದ ಕೊಯ್ಯುವ ಮಿಲ್ಲಿನಿಂದ ಹೊಟ್ಟನ್ನು ಚೀಲದಲ್ಲಿ ತಂದು, ತಗಡಿನ ಒಲೆಯ ನಡುವೆ ಸೀಸೆಯನ್ನು ನಿಲ್ಲಿಸಿ ಸುತ್ತಲೂ ಹೊಟ್ಟನ್ನು ದಮ್ಮಸು ಮಾಡಿ, ಸೀಸೆಯನ್ನು ಮೆಲ್ಲನೆ ಎಳೆದರೆ ಒಲೆ ಸಿದ್ಧ. ಒಂದು ಹೊತ್ತಿನ ಅಡಿಗೆಯೂ ಹಂಡೆಯ ನೀರೂ ಅದರಲ್ಲಿ ಆಗುತ್ತಿದ್ದುವು. ಆಗ ಇದನ್ನು ಯಾರೂ ಹಸುರು ಬಾಳ್ವೆಯೆಂದು ಕರೆಯಲಿಲ್ಲ, ಬಡತನವೆಂದು ಕರೆದರು.

ನಮ್ಮ ತಾಯಿ ಇದ್ದುದು ಕುಣಿಗಲ್ ಕಡೆಯ ಹಳ್ಳಿಯಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ೧೯೭೪ರಲ್ಲಿ, ಅಮೂಲ್ಯ ರೆಡ್ಡಿಯವರ ನಾಯಕತ್ವದಲ್ಲಿ, ವಿಜ್ಞಾನವನ್ನು ಹಳ್ಳಿಗಳ ಕೆಲಸಕ್ಕೆ ತರಬೇಕೆಂದು ಅಸ್ತ್ರ ಎಂಬ ಶಾಖೆಯನ್ನು ತೆರೆದರು. ಅಲ್ಲಿಯ ವಿದ್ವಾಂಸರು ರೂಪಿಸಿದ ಒಲೆಗೆ ಅಸ್ತ್ರ ಒಲೆಯೆಂದೇ ಹೆಸರಾಯಿತು. ಮಣ್ಣು, ಇಟ್ಟಿಗೆ, ಮೂರು ಪಾತ್ರೆಗಳಿಗೆ ಮೂರು ಬಾಯಿ, ಮಾಡಿನ ಮೇಲಕ್ಕೆ ಹೊಗೆಯ ಕೊಳವೆ, ಇಷ್ಟೇ. ಹಳ್ಳಿಯ ಗಾರೆಯವನೇ ಒಂದು ದಿನದಲ್ಲಿ ಕಟ್ಟಿಕೊಟ್ಟನು. ಸರಕಾರದ ಸಹಾಯವಿದ್ದುದರಿಂದ ನಮ್ಮ ಕೈಯಿಂದ ಹೋದುದು ಅಲ್ಪ. ಸೌದೆ ಅರ್ಧದಷ್ಟು ಉಳಿಯಿತು. ತಾಯಿಯ ಕೆಮ್ಮು ಕಡಿಮೆಯಾಯಿತು. ಆ ಒಲೆಯ ಹೆಚ್ಚಿಗೆಯು ಅದರ ಜಾಣ್ಮೆಯಲ್ಲಿ ಮಾತ್ರವಿರಲಿಲ್ಲ. ಕೊಳ್ಳಲು ಸಾಲ ಮಾಡಬೇಕಾಗಿರಲಿಲ್ಲವೆಂಬುದರಲ್ಲಿಯೂ ಇದ್ದಿತು. ಈ ಮಾತನ್ನು ಅತ್ತಿಗುಪ್ಪೆಯಲ್ಲಿ ಮತ್ತೆ ಮತ್ತೆ ನೆನೆಯುವ ಸಂದರ್ಭ ಬಂದಿತು.

ಸಂದರ್ಭವೇನೆಂದರೆ, ಮನೆಯ ಸ್ಕೂಟರಿನ ಪ್ರಶ್ನೆ. ಹನ್ನೊಂದು ವರ್ಷದ ಹಳೆಯ ಗಾಡಿ. ಬೆಳಿಗ್ಗೆ ಮಗಳನ್ನು ಕಾಲೇಜಿಗೆ ಬಿಟ್ಟು ಯಜಮಾನರು ಅಂಗಡಿಗೆ ಹೋಗುವುದು ಅದರ ಮೇಲೆಯೇ. ಅದನ್ನು ಮಾರಿ ವಿದ್ಯುತ್ತಿನ ಸ್ಕೂಟರನ್ನು ಕೊಳ್ಳಬೇಕೆಂದು ಮಗಳ ಹಟ. ಅವಳ ವಾದವೂ ಪೊಳ್ಳಲ್ಲ. “ನೀವು ಉಗುಳಿದ ಹೊಗೆಯನ್ನು ನಾನಲ್ಲವೇ ಮುಂದೆ ಐವತ್ತು ವರ್ಷ ಕುಡಿಯಬೇಕಾದವಳು?” ಎಂದು ಅವಳು ತಂದೆಯನ್ನು ಕೇಳಿದಳು. ಇದಕ್ಕೆ ತಂದೆಯ ಬಳಿ ಉತ್ತರವಿರಲಿಲ್ಲ; ಪೆನ್ಸಿಲ್ ಇದ್ದಿತು. ಅವರು ಮಾಡಿದ ಲೆಕ್ಕವನ್ನು ಇಲ್ಲಿ ಕೊಡುತ್ತೇನೆ. ಗೃಹಸ್ಥರಾದ ವಾಚಕರು ತಮ್ಮ ತಮ್ಮ ಮನೆಯ ಅಂಕಿಗಳನ್ನು ಹಾಕಿ ನೋಡಬಹುದು.

ದಿನಕ್ಕೆ ೨೦ ಕಿಲೋಮೀಟರಿನಂತೆ ತಿಂಗಳಿನ ೨೬ ದಿನಗಳಿಗೆ ೫೨೦ ಕಿಲೋಮೀಟರು. ಲೀಟರಿಗೆ ೪೫ ಕಿಲೋಮೀಟರಿನಂತೆ ಹನ್ನೆರಡು ಲೀಟರಿಗೆ ತುಸು ಕಡಿಮೆ. ಹಣ ಸುಮಾರು ೧,೨೦೦ ರೂಪಾಯಿ. ವಿದ್ಯುತ್ತಿನ ಗಾಡಿಯು ನೂರು ಕಿಲೋಮೀಟರಿಗೆ ಮೂರು ಯೂನಿಟ್ಟಿಗಿಂತ ಸ್ವಲ್ಪ ಹೆಚ್ಚು ಬೇಡುತ್ತದೆ. ತಿಂಗಳಿಗೆ ೧೮ ಯೂನಿಟ್ಟು. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೂ ೧೦೮ ರೂಪಾಯಿ. ಉಳಿತಾಯ ತಿಂಗಳಿಗೆ ಸಾವಿರದ ತೊಂಬತ್ತು. ಇಲ್ಲಿಯವರೆಗೆ ಮಗಳ ಮುಖ ಅರಳಿದ್ದಿತು. ಆದರೆ ಹೊಸ ಗಾಡಿಗೆ ಒಂದು ಲಕ್ಷದ ಹತ್ತು ಸಾವಿರ. ಹಳೆಯದನ್ನು ಮಾರಿದರೆ ಹದಿನೈದು ಸಾವಿರ. ನಿಂತ ಬಾಕಿ ತೊಂಬತ್ತೈದು ಸಾವಿರ. ಉಳಿತಾಯದಿಂದ ಅದು ತೀರಬೇಕಾದರೆ ಬಡ್ಡಿಯಿಲ್ಲದೆಯೇ ಏಳು ವರ್ಷಗಳ ಮೇಲಾಗುತ್ತದೆ. ಮೂರು ವರ್ಷದ ಸಾಲ ತೆಗೆದರೆ ಪ್ರತಿ ತಿಂಗಳೂ ಕಂತು ಮೂರು ಸಾವಿರವನ್ನು ಮೀರುತ್ತದೆ. ಸಾವಿರ ಉಳಿಸುವುದಕ್ಕಾಗಿ ಮೂರು ಸಾವಿರ ತೆರಬೇಕು. ಇದರ ಮೇಲೆ, ವಿದ್ಯುತ್ತಿನ ಗಾಡಿಗಳಿಗೆ ಕೇಂದ್ರ ಸರಕಾರವು ಕೊಡುತ್ತಿದ್ದ ಸಹಾಯಧನವು ೨೦೨೫ರ ಏಪ್ರಿಲಿನಿಂದ ಅರ್ಧಕ್ಕೆ ಇಳಿದು ಗಾಡಿಯೊಂದಕ್ಕೆ ಹೆಚ್ಚೆಂದರೆ ೫,೦೦೦ ರೂಪಾಯಿಯಾಗಿದ್ದಿತು. ಸಣ್ಣ ಪೆಟ್ರೋಲು ಗಾಡಿಗಳ ಮೇಲಿನ ಜಿ.ಎಸ್.ಟಿ. ತೆರಿಗೆಯೋ ಆ ಸೆಪ್ಟೆಂಬರಿನಲ್ಲಿ ನೂರಕ್ಕೆ ೨೮ರಿಂದ ೧೮ಕ್ಕೆ ಇಳಿದಿದ್ದಿತು.

“ಹಾಗಾದರೆ ಬಸ್ಸಿನಲ್ಲಿ ಹೋಗಿರಿ” ಎಂದೆನು. ಬಸ್ಸಿನ ಸಾಮಾನ್ಯ ಮಾಸಿಕ ಪಾಸು ಆ ವರ್ಷದ ಜನವರಿಯಲ್ಲಿ ೧,೦೫೦ ರೂಪಾಯಿಯಿಂದ ೧,೨೦೦ಕ್ಕೆ ಏರಿದ್ದಿತು. ವಿಚಿತ್ರವನ್ನು ನೋಡಿರಿ: ಸ್ಕೂಟರಿನ ತಿಂಗಳ ಪೆಟ್ರೋಲಿನ ವೆಚ್ಚವೂ ಅಷ್ಟೇ! ಮೆಟ್ರೋ ರೈಲಿನಲ್ಲಿ ದಿನವೂ ಹೋಗಿಬಂದರೆ ಅದಕ್ಕಿಂತ ಹೆಚ್ಚು. ಗಾಳಿಯನ್ನು ಕೆಡಿಸದಿರುವವನಿಗೆ ಬೆಲೆಯಲ್ಲಿ ಒಂದು ಕಾಸಿನ ಅನುಕೂಲವೂ ಇಲ್ಲವೆಂದಾಯಿತು. ಆದರೂ ಸ್ಕೂಟರಿಗೆ ಎಣ್ಣೆ, ಚಕ್ರ, ವಿಮೆಗಳ ಖರ್ಚಿದೆಯೆಂಬುದನ್ನು ಅವರೇ ಒಪ್ಪಿಕೊಂಡರು. ಬಸ್ಸಿಗೆ ಹಿಡಿಯುವ ಹೊತ್ತನ್ನು ನಾನು ಒಪ್ಪಿಕೊಂಡೆನು.

ಹಣವಿದ್ದರೂ ಇನ್ನೊಂದು ಅಡ್ಡಿಯಿದ್ದಿತು. ಗಾಡಿಗೆ ವಿದ್ಯುತ್ತನ್ನು ಎಲ್ಲಿ ತುಂಬುವುದು? ಇವರ ಮನೆ ಎರಡನೆಯ ಅಂತಸ್ತಿನಲ್ಲಿ. ಗಾಡಿ ನಿಲ್ಲುವುದು ಕೆಳಗೆ, ಮೆಟ್ಟಿಲಿನ ಬುಡದಲ್ಲಿ. ಮೀಟರಿನಿಂದ ಅಲ್ಲಿಗೆ ಬೇರೆಯ ತಂತಿಯನ್ನು ಎಳೆದು, ಅದಕ್ಕೊಂದು ರಕ್ಷಕ ಗುಂಡಿಯನ್ನೂ ಸಣ್ಣ ಮೀಟರನ್ನೂ ಕೂಡಿಸಲು ವಿದ್ಯುತ್ ಕೆಲಸಗಾರನು ಆರು ಸಾವಿರ ರೂಪಾಯಿ ಹೇಳಿದ್ದನು. ಮನೆಯ ಒಡೆಯರು ವೃದ್ಧರು, ಕೆಟ್ಟವರಲ್ಲ, ಭಯಸ್ಥರು. ಮನೆಯ ತಂತಿಗಳು ಹಳೆಯವು, ಭಾರವನ್ನು ತಾಳಲಾರವು, ಬೆಂಕಿ ಬಿದ್ದರೆ ಹೊಣೆ ಯಾರು ಎಂಬುದು ಅವರ ಮಾತು. ಇವರ ಮಾತೋ, “ನಾಳೆ ಮನೆ ಬಿಡೆಂದರೆ ತಂತಿಯನ್ನು ಗೋಡೆಯಿಂದ ಕಿತ್ತುಕೊಂಡು ಹೋಗಲಾದೀತೆ?” ಎಂಬುದು. ಇಬ್ಬರ ಮಾತೂ ನ್ಯಾಯವೇ. ಎರಡು ನ್ಯಾಯಗಳ ನಡುವೆ ಆರು ತಿಂಗಳಿನಿಂದ ತಂತಿಯ ವಿಚಾರವು ತೂಗಿಕೊಂಡಿದ್ದಿತು.

ದಿನವೂ ಸಂಜೆ ಕಾರ್ಡ್ ರೋಡಿನ ಮಗ್ಗುಲಿಗೆ ತಿರುಗಾಡಲು ಹೋದಾಗ, ಈ ಒಂದು ಮನೆಯ ತೊಡಕು ಬೀದಿಯ ತುಂಬ ಇರುವುದು ಕಂಡಿತು. ನಿಲ್ದಾಣದ ನೆರಳಿನಲ್ಲಿ ನಿಲ್ಲುವ ಆಟೋ ಚಾಲಕರೊಬ್ಬರ ಪರಿಚಯವಾಯಿತು. ೨೦೨೫ರ ಆಗಸ್ಟ್ ೧ರಿಂದ ಮೊದಲ ಎರಡು ಕಿಲೋಮೀಟರಿಗೆ ೩೬ ರೂಪಾಯಿ, ಅನಂತರ ಕಿಲೋಮೀಟರಿಗೆ ೧೮ ಎಂದು ಮೀಟರಿನ ದರ ಏರಿದ್ದಿತು. “ದರ ಏರಿದರೆ ಜನ ನಡೆಯುತ್ತಾರೆ, ಸ್ವಾಮಿ” ಎಂದರು ಅವರು. ಅವರ ಗಾಡಿ ಅನಿಲದಿಂದ ಓಡುವುದು. ದಿನಕ್ಕೆ ನೂರು ಕಿಲೋಮೀಟರು ಓಡಿಸುವವರಾದ್ದರಿಂದ ವಿದ್ಯುತ್ತಿನ ಆಟೋ ಅವರಿಗೆ ಬಹಳ ಲಾಭವೆಂಬುದು ಅವರಿಗೆ ತಿಳಿಯದ ವಿಷಯವಲ್ಲ. ಆದರೆ ಅದರ ಬೆಲೆ ಮೂರು ಲಕ್ಷದ ಮೇಲೆ. ವಾಸವೋ ವಠಾರದ ಒಂದು ಕೋಣೆ. ಗಾಡಿಯನ್ನು ನಿಲ್ಲಿಸುವುದು ರಸ್ತೆಯ ಬದಿಯಲ್ಲಿ.

ಮನೆಮನೆಗೆ ಊಟವನ್ನೂ ದಿನಸಿಯನ್ನೂ ತಲುಪಿಸುವ ಹುಡುಗರನ್ನು ಕೇಳಿದೆನು. ದಿನಕ್ಕೆ ಎಂಬತ್ತು ಕಿಲೋಮೀಟರು ತಿರುಗುವವನು ಪೆಟ್ರೋಲನ್ನು ಬಿಟ್ಟರೆ ತಿಂಗಳಿಗೆ ನಾಲ್ಕು ಸಾವಿರ ರೂಪಾಯಿಯ ಮೇಲೆ ಉಳಿಸಬಹುದು. ನನ್ನ ಭಾವಮೈದುನರಿಗೆ ಏಳು ವರ್ಷ ಹಿಡಿಯುವ ಸಾಲವು ಅವನಿಗೆ ಎರಡು ವರ್ಷದಲ್ಲಿ ತೀರುತ್ತದೆ. ಆದರೆ ಅವನಿಗೆ ಸಾಲ ಕೊಡುವವರು ಯಾರು? ಅವರಲ್ಲಿ ಅನೇಕರು ವಿದ್ಯುತ್ತಿನ ಗಾಡಿಯನ್ನು ವಾರದ ಬಾಡಿಗೆಗೆ ಪಡೆದು ಓಡಿಸುತ್ತಾರೆ. ಗಾಳಿಯೇನೋ ಶುದ್ಧವಾಗುತ್ತದೆ, ಉಳಿತಾಯವು ಗಾಡಿಯ ಒಡೆಯನಿಗೆ ಸೇರುತ್ತದೆ. ಯಾವನಿಗೆ ಹೆಚ್ಚು ಪ್ರಯೋಜನವೋ ಅವನ ಬಳಿ ಮೊದಲ ಹಣವಿಲ್ಲ; ಯಾವನ ಬಳಿ ಮೊದಲ ಹಣವಿದೆಯೋ ಅವನಿಗೆ ಅದರ ಅಗತ್ಯವಿಲ್ಲ.

ಇದಕ್ಕೆ ಎದುರಾದ ಒಂದು ನಿದರ್ಶನವನ್ನೂ ಹೇಳಬೇಕು. ನಮ್ಮ ಬೀದಿಗೆ ಹೂ ಮಾರಲು ಬರುವ ಹೆಂಗಸು ಕೆಂಗೇರಿಯ ಕಡೆಯವಳು. ಬೆಳಗಿನ ಜಾವ ಕೃಷ್ಣರಾಜೇಂದ್ರ ಮಾರುಕಟ್ಟೆಗೆ ಹೋಗಿ, ಸೇವಂತಿಗೆ ಕನಕಾಂಬರಗಳನ್ನು ಕೊಂಡು, ಎರಡು ಬಸ್ಸು ಬದಲಾಯಿಸಿ ಅತ್ತಿಗುಪ್ಪೆಗೆ ಬರುತ್ತಾಳೆ. ೨೦೨೩ರ ಜೂನ್ ೧೧ರಿಂದ ಶಕ್ತಿ ಯೋಜನೆಯಂತೆ ಹೆಂಗಸರಿಗೆ ಸರಕಾರದ ಸಾಮಾನ್ಯ ಬಸ್ಸುಗಳಲ್ಲಿ ಹಣವಿಲ್ಲದೆ ಪ್ರಯಾಣ. ಮೊದಲು ದಿನಕ್ಕೆ ಬಸ್ಸಿಗೆ ಕೊಡುತ್ತಿದ್ದ ದುಡ್ಡಿನಿಂದ ಈಗ ಇನ್ನೊಂದು ಮಾರಿನಷ್ಟು ಹೂ ಹೆಚ್ಚಿಗೆ ತರುತ್ತೇನೆಂದಳು. ಬಿಟ್ಟಿಯೆಂಬುದು ಲೋಕದಲ್ಲಿಲ್ಲವೆಂಬುದನ್ನು ನಾನು ಬಲ್ಲೆ. ಅವಳ ಟಿಕೇಟಿನ ಹಣವನ್ನು ಸರಕಾರದ ಬೊಕ್ಕಸವು ಕೊಡಬೇಕು, ಬೊಕ್ಕಸಕ್ಕೆ ನಾವೆಲ್ಲರೂ ಕೊಡಬೇಕು. ಅದಕ್ಕೆ ಪೆಟ್ರೋಲಿನ ತೆರಿಗೆಯೂ ಸೇರಿದೆ. ಆದರೂ ಈ ಬೀದಿಯಲ್ಲಿ ಅತ್ಯಂತ ಹಸುರಾದ ಪ್ರಯಾಣವನ್ನು ಮಾಡುವವಳು ಅವಳೇ. ಅದರಿಂದ ನಷ್ಟವಾಗದೆ ಲಾಭವನ್ನು ಪಡೆದವಳೂ ಅವಳೊಬ್ಬಳೇ.

ವಿದ್ಯುತ್ತಿನ ವಿಷಯದಲ್ಲಿ ಹೀಗೆಯೇ ಇನ್ನೊಂದು ಸಂಗತಿ. ಗೃಹಜ್ಯೋತಿ ಯೋಜನೆಯಂತೆ, ಬಾಡಿಗೆದಾರರೂ ಸೇರಿ, ಮನೆಗಳಿಗೆ ತಮ್ಮ ಹಿಂದಿನ ಸರಾಸರಿಯ ಮೇಲೆ ನೂರಕ್ಕೆ ಹತ್ತನ್ನು ಕೂಡಿಸಿ, ೨೦೦ ಯೂನಿಟ್ಟಿನ ಮಿತಿಯೊಳಗೆ, ವಿದ್ಯುತ್ತು ಉಚಿತವಾಗಿ ೨೦೨೩ರ ಜುಲೈಯಿಂದ ದೊರೆಯಿತು. ತಂಗಿಯ ಮನೆಗೆ ಇದು ದೊಡ್ಡ ಉಪಕಾರವೇ. ಆದರೆ ಮನುಷ್ಯಸ್ವಭಾವವನ್ನು ನೋಡಿರಿ. ಮಾಳಿಗೆಯ ಮೇಲೆ ಸೌರಫಲಕಗಳನ್ನು ಹೂಡಿ ಮನೆಗೆ ಬೇಕಾದ ವಿದ್ಯುತ್ತನ್ನು ತಾನೇ ಹುಟ್ಟಿಸಿಕೊಳ್ಳುವವರಿಗೆ ಕೇಂದ್ರ ಸರಕಾರವು ೨೦೨೪ರ ಫೆಬ್ರವರಿಯಲ್ಲಿ ಪ್ರಕಟಿಸಿದ ಯೋಜನೆಯಂತೆ ಮೂರು ಕಿಲೋವ್ಯಾಟಿಗೆ ೭೮,೦೦೦ ರೂಪಾಯಿಯವರೆಗೆ ಸಹಾಯವುಂಟು. ಮನೆಯ ಒಡೆಯರಿಗೆ ಇದನ್ನು ಹೇಳಿದೆನು. “ಬಿಲ್ಲೇ ಸೊನ್ನೆಯಾಗಿ ಬರುವಾಗ ಸೂರ್ಯನಿಗೆ ಕೂಲಿ ಏಕೆ ಕೊಡಲಿ?” ಎಂದರು. ಒಂದು ಕೈ ಕೊಟ್ಟ ದಾನವು ಇನ್ನೊಂದು ಕೈಯ ದಾನವನ್ನು ನಿರರ್ಥಕ ಮಾಡಿತು. ಬಾಡಿಗೆದಾರನಿಗಂತೂ ಸೌರಫಲಕದ ಮಾತೇ ಇಲ್ಲ. ಅವನಿಗೆ ಮಾಳಿಗೆಯೇ ಇಲ್ಲ.

ಹಾಗಾದರೆ ಹಸುರು ಬಾಳ್ವೆಯು ಉಳ್ಳವರ ವಿನೋದವೇ? ಮೊದಲ ವಾರದಲ್ಲಿ ನನಗೆ ಹಾಗೆಯೇ ತೋರಿತು. ಅನಂತರ, ಚಿಕಿತ್ಸೆಗೆಂದು ಮೆಟ್ರೋ ರೈಲಿನಲ್ಲಿ ಪೇಟೆಯ ಕಡೆಗೆ ಹೋಗುತ್ತ ಬರುತ್ತ ವಿಚಾರ ಬದಲಾಯಿತು. ಮಾಗಡಿ ರಸ್ತೆಯ ನಿಲ್ದಾಣವನ್ನು ಬಿಟ್ಟೊಡನೆ ರೈಲು ಮಾಳಿಗೆಗಳ ಎತ್ತರದಿಂದ ಇಳಿದು ನೆಲದೊಳಕ್ಕೆ ಹೊಗುತ್ತದೆ. ಗಾಡಿಯ ತುಂಬ ಜನ: ಅಂಗಡಿಯ ಗುಮಾಸ್ತರು, ವಿದ್ಯಾರ್ಥಿಗಳು, ಮಗುವನ್ನು ಆಸ್ಪತ್ರೆಗೆ ಒಯ್ಯುವ ತಾಯಿ. ಇವರಲ್ಲಿ ಯಾರಿಗೂ ರೈಲನ್ನು ಕೊಳ್ಳುವ ಶಕ್ತಿಯಿಲ್ಲ, ಕೊಳ್ಳಬೇಕಾಗಿಯೂ ಇಲ್ಲ. ಸಾವಿರಾರು ಕೋಟಿಯ ಮೊದಲ ಹಣವನ್ನು ನಾಡು ಹೊತ್ತಿದೆ. ಇವರು ದಿನದಿನದ ಚಿಲ್ಲರೆಯನ್ನು ಕೊಡುತ್ತಾರೆ. ಆ ಚಿಲ್ಲರೆ ಮಿತಿಮೀರಿದಾಗ ಮಾತ್ರ ಜನರು ಇಳಿದು ಮತ್ತೆ ಸ್ಕೂಟರನ್ನು ಹತ್ತುತ್ತಾರೆ.

ಬೆಂಗಳೂರಿಗೆ ವಿದ್ಯುತ್ತು ಬಂದ ಕಥೆಯೂ ಇದನ್ನೇ ಹೇಳುತ್ತದೆ. ೧೯೦೨ರಲ್ಲಿ ಶಿವನಸಮುದ್ರದ ಜಲಪಾತದಿಂದ ಹೊರಟ ವಿದ್ಯುತ್ತು ಮೊದಲು ಕೋಲಾರದ ಚಿನ್ನದ ಗಣಿಗಳಿಗೆ ಹೋಯಿತು. ೧೯೦೫ರ ಆಗಸ್ಟ್ ೫ರಂದು ಅದು ಬೆಂಗಳೂರಿನ ಮಾರುಕಟ್ಟೆಯ ಬಳಿ ಬೀದಿಯ ದೀಪವಾಗಿ ಬೆಳಗಿತು. ಸ್ವಂತ ಮನೆಗೆ ದೀಪ ಹಾಕಿಸಿಕೊಳ್ಳಲಾರದ ದಾರಿಹೋಕನಿಗೂ ಆ ಬೆಳಕಿನಲ್ಲಿ ಪಾಲಿದ್ದಿತು. ಈ ಕಾಲದ ನಿದರ್ಶನ ಬೇಕಾದರೆ ತುಮಕೂರು ಜಿಲ್ಲೆಯ ಪಾವಗಡವನ್ನು ನೋಡಬಹುದು. ಮಳೆಯಿಲ್ಲದ ಆ ಸೀಮೆಯಲ್ಲಿ ಸುಮಾರು ೧೩,೦೦೦ ಎಕರೆಗಳ ಮೇಲೆ ೨,೦೫೦ ಮೆಗಾವ್ಯಾಟಿನ ಸೌರವಿದ್ಯುತ್ ಕ್ಷೇತ್ರವು ೨೦೧೯ರ ಹೊತ್ತಿಗೆ 
ಪೂರ್ಣವಾಯಿತು. ಅದಕ್ಕಾಗಿ ರೈತರು ತಮ್ಮ ಹೊಲಗಳನ್ನು ಮಾರಲಿಲ್ಲ. ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿಯಂತೆ ಪ್ರಾರಂಭವಾದ ಗುತ್ತಿಗೆಗೆ ಕೊಟ್ಟರು. ಫಲಕಗಳಿಗೆ ಹಣ ಹೂಡುವ ಭಾರ ಅವರ ಮೇಲೆ ಬೀಳಲಿಲ್ಲ. ನಮ್ಮ ವಿದ್ಯುತ್ತೆಲ್ಲವೂ ನೀರಿನಿಂದ, ಬಿಸಿಲಿನಿಂದ ಬರುತ್ತದೆಂದು ಹೇಳುವಂತಿಲ್ಲ. ರಾಯಚೂರಿನಲ್ಲಿಯೂ ಬಳ್ಳಾರಿಯಲ್ಲಿಯೂ ಕಲ್ಲಿದ್ದಲು ಉರಿಯುತ್ತಲೇ ಇದೆ. ಆದರೆ ದಾರಿ ಯಾವುದೆಂಬುದು ಕಾಣುತ್ತದೆ. ಹಸುರು ಬಾಳ್ವೆಯ ದಿನದ ಖರ್ಚು ಹೆಚ್ಚಲ್ಲ. ಅದರ ಬಾಗಿಲಿನ ಸುಂಕ ಹೆಚ್ಚು. ಆ ಸುಂಕವನ್ನು ಒಂದೊಂದು ಮನೆಯಿಂದ ಬೇರೆ ಬೇರೆಯಾಗಿ ಕೇಳಿದರೆ ಬಡವನು ಹೊರಗೇ ನಿಲ್ಲುತ್ತಾನೆ. ಬೀದಿಯೂ ಊರೂ ಕೂಡಿ ಹೊತ್ತರೆ ಎಲ್ಲರೂ ಒಳಗೆ ಬರುತ್ತಾರೆ. ಬಸ್ಸು ಹೆಚ್ಚಾಗಬೇಕು, ಅದರ ಪಾಸು ಪೆಟ್ರೋಲಿಗಿಂತ ಅಗ್ಗವಾಗಬೇಕು. ನಡೆಯಲು ಕಾಲುದಾರಿ ಬೇಕು. ವಠಾರದ ಬೀದಿಯಲ್ಲಿ ಆಟೋಗಳಿಗೆ ವಿದ್ಯುತ್ ತುಂಬುವ ಕಂಬ ಬೇಕು. ಸಾರ್ವಜನಿಕ ಪೂರಣ ಕೇಂದ್ರಗಳ ಸಂಖ್ಯೆಯಲ್ಲಿ ನಮ್ಮ ರಾಜ್ಯವು ೨೦೨೫ರ ಮೊದಲಲ್ಲಿ ದೇಶಕ್ಕೇ ಮುಂದಾಗಿದ್ದಿತೆಂಬುದು ಹೆಮ್ಮೆಯ ಮಾತು. ಅವು ಕಾರುಗಳಿರುವಲ್ಲಿಗೆ ಮಾತ್ರವಲ್ಲದೆ ಆಟೋಗಳು ಮಲಗುವಲ್ಲಿಗೂ ಬರಬೇಕು.

ಊರಿನ ಮಾತು ಹಾಗಿರಲಿ. ಮನೆಯ ತಂತಿಯ ಮಾತನ್ನು ಮುಗಿಸಬೇಕಲ್ಲ. ಹೊರಡುವುದಕ್ಕೆ ಎರಡು ದಿನ ಮೊದಲು ಬೆಳಿಗ್ಗೆ ಮಾಳಿಗೆಯ ಮೇಲೆ ಎಳೆಬಿಸಿಲಿಗೆ ಕುಳಿತಿದ್ದೆನು. ಮನೆಯ ಒಡೆಯರೂ ತುಳಸಿಗೆ ನೀರೆರೆಯಲು ಬಂದರು. ಇಬ್ಬರೂ ಮುದುಕರು, ಮಾತಿಗೆ ಬರವಿಲ್ಲ. ತಾವು ಬಂದಾಗ ಸುತ್ತಲೂ ರಾಗಿಯ ಹೊಲವಿದ್ದುದನ್ನು ಅವರು ಹೇಳಿದರು. ನಾನು ತಾಯಿಯ ಅಸ್ತ್ರ ಒಲೆಯ ಕಥೆಯನ್ನು ಹೇಳಿದೆನು. ಕೊನೆಯಲ್ಲಿ ಮೆಲ್ಲನೆ, “ತಂತಿ ಹೇಗಿದ್ದರೂ ಗೋಡೆಗೆ ಸೇರಿದ್ದು, ಗೋಡೆ ತಮ್ಮದು. ಹಳೆಯ ತಂತಿಗಿಂತ ಹೊಸ ತಂತಿಯಿಂದ ಬೆಂಕಿಯ ಭಯ ಕಡಿಮೆಯಲ್ಲವೇ?” ಎಂದೆನು. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಕೆಳಗಿನ ಮನೆಯ ಹುಡುಗನೂ ಇದನ್ನೇ ಕೇಳುತ್ತಿದ್ದಾನೆ. ಮೂರು ಮನೆಗೂ ಆಗುವಂತೆ ಒಂದೇ ಸಲ ಎಳೆಸಿಬಿಡೋಣ. ಅರ್ಧ ನನ್ನದು, ಉಳಿದುದನ್ನು ನೀವು ಹಂಚಿಕೊಳ್ಳಿ. ಮನೆ ಬಿಡುವ ದಿನ ನಿಮ್ಮ ಪಾಲನ್ನು ಮುಂಗಡದೊಂದಿಗೆ ಹಿಂದಿರುಗಿಸುತ್ತೇನೆ. ಕೆಲಸ ಮಾತ್ರ ಪರವಾನಗಿಯುಳ್ಳವನಿಂದಲೇ ಆಗಬೇಕು” ಎಂದರು. ಸೂರ್ಯನ ನಲ್ಲಿಯನ್ನು ಎರಡನೆಯ ಅಂತಸ್ತಿಗೂ ಕೊಡಿಸಬೇಕೆಂಬ ಮಾತು ನನ್ನ ನಾಲಗೆಯ ತುದಿಗೆ ಬಂದಿದ್ದಿತು. ಒಂದು ಬೆಳಗಿಗೆ ಒಂದು ವರವೇ ಸಾಕೆಂದು ಸುಮ್ಮನಾದೆನು.

ಗಾಡಿಯನ್ನು ಮಾತ್ರ ಅವರು ಕೊಳ್ಳಲಿಲ್ಲ. ಆ ಡಿಸೆಂಬರಿನಲ್ಲಿ ಮಗಳ ಕಾಲೇಜಿನ ಶುಲ್ಕ ಕಟ್ಟಬೇಕಾಗಿದ್ದಿತು. ತಂಗಿ ಕಟ್ಟುತ್ತಿದ್ದ ಚೀಟಿಯ ಹಣ ಬರುವುದು ಯುಗಾದಿಗೆ. ಅಲ್ಲಿಯವರೆಗೆ ಮಗಳು ಬಸ್ಸಿನಲ್ಲಿ ಹೋಗುವುದೆಂದೂ, ತಂದೆಯು ವಾರಕ್ಕೆ ಮೂರು ದಿನ ಮಾತ್ರ ಸ್ಕೂಟರನ್ನು ತೆಗೆಯುವುದೆಂದೂ ತೀರ್ಮಾನವಾಯಿತು. ಮಗಳು ಮೊದಲು ಮುಖ ಸಪ್ಪಗೆ ಮಾಡಿದಳು. ಆಮೇಲೆ ಲೆಕ್ಕವನ್ನು ತಾನೇ ಮಾಡಿ ನೋಡಿ ಒಪ್ಪಿದಳು.

ನಾನು ಹೊರಟ ದಿನ ಮುಂಜಾನೆ ನಿಲ್ದಾಣದವರೆಗೂ ಮೂವರೂ ನಡೆದುಕೊಂಡೇ ಬಂದರು. ಅತ್ತಿಗುಪ್ಪೆಯ ಬೀದಿಗಳಲ್ಲಿ ಇನ್ನೂ ಕಾರ್ತಿಕದ ಹಣತೆಗಳು ಹೊಸ್ತಿಲುಗಳ ಮೇಲೆ ಆರದೆ ಉಳಿದಿದ್ದುವು. ರೈಲು ಬರುವ ಮೊದಲು ಭಾವಮೈದುನರು, ಹಿಂದಿನ ರಾತ್ರಿ ಪುಸ್ತಕದಲ್ಲಿ ಬರೆದುದನ್ನು ಹೇಳಿದರು. ಪೆಟ್ರೋಲಿನ ಸಾಲಿನ ಕೆಳಗೆ ಹೊಸದೊಂದು ಸಾಲನ್ನು ತೆರೆದಿದ್ದಾರೆ: “ತಂತಿಯ ಪಾಲು, ೧,೦೦೦ ರೂಪಾಯಿ.” ಅದರ ಕೆಳಗಿನ ಸಾಲನ್ನು ಯುಗಾದಿಯವರೆಗೆ ಖಾಲಿ ಬಿಟ್ಟಿದ್ದಾರಂತೆ.